ಸಪ್ಪೆ ಸಾರಿನ ರಕ್ಕಸಿ

ಒಂದು ಕಾಲ ಇತ್ತು ಮಗಾ, ನಮ್ಮಜ್ಜಿಗೂ ಅವರಜ್ಜಿಗೂ ಹಿಂದಿನ ಕಾಲ. ಆ ಕಾಲದಲ್ಲಿ ಒಂದು ಹೊಸತೊಡಕಿನ ದಿನ ಗಾಳೆಪ್ಪ ಅನ್ನೋನು ಮೊದಲ್ನೇ ಸಲ ಮನೆ ಬಿಟ್ಟು ನಡೆದನಂತೆ. ಹೊಸತೊಡಕು ಅಂದ್ರೆ ಗೊತ್ತಲ್ಲ, ಉಗಾದಿ ಮಾರನೇ ದಿನ, ಬೇವು ಬೆಲ್ಲ ಒಬ್ಬಟ್ಟು ಎಲ್ಲ ಮುಗಿದು ಮನೆಮನೇಲೂ ಬಾಡಿನ ಸಾರು ಕುದಿಯೋ ದಿನ. ಅಂಥ ದಿನ ಊರಾಚೆ ಇರೋರೂ ಓಡಿ ಬರ್ತಾರೆ. ಇವನು ಎದ್ದು ಹೋದ.

ಅವರಪ್ಪನಿಗೆ ಮೂರು ಜನ ಗಂಡುಮಕ್ಕಳು. ದೊಡ್ಡೋನು ಹೊಲ ಉಳೋನು, ನಡುವಿನೋನು ಕುರಿ ಕಾಯೋನು, ಗಾಳೆಪ್ಪ ಕಡೇ ಮಗ. ಇವನನ್ನ ಐಗಳ ಹತ್ರ ಮರಳಲ್ಲಿ ಅಕ್ಷರ ತಿದ್ದೋಕೆ ಕೂರಿಸಿದ್ರೆ, ಅರ್ಧ ತಿದ್ದಿ, ಆ ಅಕ್ಷರಕ್ಕೇ ಕೊಂಬು ಬರೆದು ಕಾಲು ಬರೆದು ಟಗರು ಮಾಡಿ, ಆಮೇಲೆ ಎದ್ದು ಹೋಗಿಬಿಡ್ತಿದ್ದನಂತೆ. ಇವನ ಕುಂಡೆಗೆ ಕೂರೋ ಯೋಗ ಬರೆದಿಲ್ಲ, ಕರ್ಕೊಂಡು ಹೋಗ್ರಪ್ಪಾ ಅಂತ ಐಗಳು ಕೈ ಮುಗಿದರಂತೆ.

ಅವನಿಗೊಂದು ಟಗರು ಇತ್ತು. ತಾಯಿ ಸತ್ತ ಮರಿ, ಇವನೇ ಬೆರಳು ಚೀಪಿಸಿ ಹಾಲು ಕುಡಿಸಿ ಸಾಕಿದ್ದ, ಗುಂಡ ಅಂತ ಹೆಸರಿಟ್ಟಿದ್ದ. ಗುಂಡಾ ಅಂದ್ರೆ ಸಾಕು, ಎಲ್ಲಿ ಮೇಯ್ತಿದ್ರೂ ಓಡಿ ಬಂದು ತೊಡೆಗೆ ಗುದ್ದೋದು. ಆ ಹೊಸತೊಡಕಿನ ಮಧ್ಯಾಹ್ನ ಎಲೆ ಹಾಕಿದ್ರು, ಮುದ್ದೆ ಬಿತ್ತು, ಸಾರು ಬಿತ್ತು, ಗಾಳೆಪ್ಪ ಹಿತ್ತಲ ಕಡೆ ನೋಡಿದ, ಗೂಟದಲ್ಲಿ ಬರೀ ಹಗ್ಗ ಇತ್ತು. ಆಮೇಲೆ ಅವನಿಗೆ ತುತ್ತು ಎತ್ತೋಕಾಗ್ಲಿಲ್ಲ, ಎದ್ದುಬಿಟ್ಟ. ಅವರಪ್ಪ ಕೆಟ್ಟೋನಲ್ಲ ಮಗಾ, ಆದ್ರೆ ನೆಂಟರೆಲ್ಲ ಸಾಲಾಗಿ ಕೂತಿರುವಾಗ ಮಗ ಎಲೆ ಬಿಟ್ಟು ಎದ್ರೆ ಯಾರಿಗೆ ತಾನೆ ಅವಮಾನ ಆಗಲ್ಲ. ಎಲೆ ಮುಂದಿಂದ ಎದ್ದೋನಿಗೆ ಈ ಮನೇಲಿ ಎಲೆ ಇಲ್ಲ, ಹೋಗು ಅಂದುಬಿಟ್ಟನಂತೆ. ಸರಿ ಅಂತ ಇವನು ಕಂಬಳಿ ಹೆಗಲಿಗೆ ಹಾಕ್ಕೊಂಡ. ಅವರಮ್ಮ ಬಾಗಿಲ ತನಕ ಓಡಿ ಬಂದು, ಅಳೋಕೂ ಹೊತ್ತಿಲ್ಲದೆ, ಒಂದು ಬಟ್ಟೆ ತುಂಡಲ್ಲಿ ಹಿಡಿ ಹರಳುಪ್ಪು ಕಟ್ಟಿ ಅವನ ಸೊಂಟಕ್ಕೆ ಸಿಕ್ಕಿಸಿದಳಂತೆ. ಎಲ್ಲಿ ಹೋದ್ರೂ ಯಾರಾದ್ರೂ ಒಂದು ಸೌಟು ಗಂಜಿ ಹುಯ್ತಾರೆ ಮಗನೇ, ಉಪ್ಪು ಕೇಳೋಕೆ ನೀನು ನಾಚ್ಕೋತೀಯ, ಇಟ್ಕೋ. ದಾರೀಲಿ ಪಿಶಾಚಿ ರಕ್ಕಸಿ ಅಡ್ಡ ಬಂದ್ರೂ ಉಪ್ಪು ಕಂಡ್ರೆ ಹತ್ರ ಸುಳಿಯಲ್ಲ ಅಂದಳಂತೆ.

ಆಮೇಲೆ ನಡೆದ. ಬಳೆಗಾರನ ಹಿಂದೆ ಬಳೆ ಗೊಂಚಲಿನ ಮಲಾರ ಹೊತ್ತ, ಕಮ್ಮಾರನ ತಿದಿ ಒತ್ತಿದ, ಸಂತೆಗೆ ದನ ಹೊಡ್ಕೊಂಡು ಹೋದ. ಹೋದ ಕಡೆಯೆಲ್ಲ ಒಳ್ಳೇ ಹುಡುಗ, ಇಲ್ಲೇ ಇರು ಅಂತಿದ್ರಂತೆ, ಅಂದ ಮಾರನೇ ಬೆಳಿಗ್ಗೆ ಇವನು ಕಂಬಳಿ ಸುತ್ತಿರ್ತಿದ್ದನಂತೆ. ಹಂಗೇ ಮೀಸೆ ಬಂತು, ಗಡ್ಡ ಬಂತು. ಉಪ್ಪು ತೀರಿದಾಗೆಲ್ಲ ತುಂಬಿಸ್ಕೊಂಡ, ಅಮ್ಮ ಕಟ್ಟಿದ ಬಟ್ಟೆ ಮಾತ್ರ ಅದೇ. ಬಾಡು ಮಾತ್ರ ಮತ್ತೆ ಮುಟ್ಟಲಿಲ್ಲ.

ಹೂಂ ಅನ್ನು ಮಗಾ, ನಿದ್ದೆ ಬಂತಾ? ಇನ್ನು ರಕ್ಕಸಿ ಬರ್ತಾಳೆ.

ಒಂದು ಮಳೆಗಾಲದ ಕೊನೇಲಿ ಗಾಳೆಪ್ಪ ಒಂದು ದೊಡ್ಡ ಹೊಳೆ ದಂಡೆಗೆ ಬಂದನಂತೆ. ಅಲ್ಲೊಂದು ಹಳ್ಳಿ, ಹಳ್ಳಿ ತುಂಬ ಹರಿಗೋಲು ಬಿಡೋರು. ಹರಿಗೋಲು ಅಂದ್ರೆ ಬಿದಿರಿನ ದೊಡ್ಡ ಬುಟ್ಟಿ, ತಳಕ್ಕೆ ಎತ್ತಿನ ಚರ್ಮ ಹೊದಿಸಿರ್ತಾರೆ, ಅದರಲ್ಲಿ ಕೂತು ಹೊಳೆ ದಾಟೋದು. ಬೆಟ್ಟಯ್ಯ ಅಂತ ಒಬ್ಬ ನರೆತ ತಲೆಯೋನು ಇವನನ್ನ ಹತ್ತಿಸ್ಕೊಂಡ. ಒಳಗೆ ಬುಟ್ಟಿ ಮಾರೋ ಮುದುಕಿ ಒಬ್ಬಳಿದ್ದಳು. ಹೊಳೆ ನಡುವೆ ಒಂದು ನಡುಗಡ್ಡೆ, ಅಲ್ಲೊಂದು ಗುಡಿಸಲು, ಗುಡಿಸಲಿಂದ ಹೊಗೆ. ಅಲ್ಲಿ ಯಾರಿದ್ದಾರೆ ಅಂತ ಇವನು ಕೇಳಿದ್ದೇ ತಡ, ಬೆಟ್ಟಯ್ಯ ಹೊಳೆಗೆ ಉಗಿದು, ರಕ್ಕಸಿ, ಕಟ್ಕೊಂಡ ಗಂಡನ್ನೇ ತಿಂದೋಳು ಅಂದನಂತೆ.

ನೀನು ನೋಡಿದ್ಯಾ ಅಂದ ಗಾಳೆಪ್ಪ.

ಬೆಟ್ಟಯ್ಯ ಹುಟ್ಟು ಹಾಕ್ತಾ ಮುಖ ತಿರುಗಿಸಿದ, ಮುದುಕಿ ಬಿಡ್ತಾಳಾ, ಅವಳು ಶುರು ಮಾಡಿದಳು. ನೋಡೋದೇನಪ್ಪಾ, ಅವಳೇ ಬಾಯಿಬಿಟ್ಟು ಒಪ್ಕೊಂಡವ್ಳೆ. ಈ ದಂಡೆಗೆ ಕಾಲಿಡಲ್ಲ, ನಗಲ್ಲ, ಉಪ್ಪು ಮುಟ್ಟಲ್ಲ. ಅಲ್ಲಿ ಬದನೇಕಾಯಿ ಬೆಳೆದು ಬಂಡೆ ಮೇಲೆ ಇಡ್ತಾಳೆ, ನಾವು ಅದ ತಗೊಂಡು ರಾಗಿ ಇಟ್ಟು ಬರ್ತೀವಿ, ಬದನೇಕಾಯಿ ಏನು ಪಾಪ ಮಾಡಿದೆ. ಒಂದು ಸಲ ಯಾರೋ ಉಪ್ಪಿಟ್ರೆ ಮುಟ್ಟದೆ ಹಂಗೇ ಬಿಟ್ಟಳು, ಮಳೇಲಿ ಕರಗಿ ಹೋಯ್ತು. ಉಪ್ಪು ಮುಟ್ಟದೇ ಇರೋದು ಮನುಷ್ಯ ಜಾತಿನಾ ನೀನೇ ಹೇಳು.

ಅಷ್ಟರಲ್ಲಿ ಸುಳಿ ಸಿಕ್ಕಿ ಹರಿಗೋಲು ಗರಗರ ತಿರುಗಿ ಗಡ್ಡೆ ಬಂಡೆಗೆ ಸಿಕ್ಕಿಹಾಕ್ಕೊಳ್ತು. ಬೆಟ್ಟಯ್ಯ ಕೂತ್ಕೊಳ್ರೋ ಕೂತ್ಕೊಳ್ರೋ ಅಂತಿದ್ರೆ, ಕೂರೋದೇ ಬಾರದ ಗಾಳೆಪ್ಪ ಟಣ್ಣನೆ ಬಂಡೆಗೆ ಹಾರಿ ಹೆಗಲು ಕೊಟ್ಟು ಹರಿಗೋಲನ್ನ ನೂಕಿದ. ಬಿಟ್ಕೊಳ್ತು. ಬಿಟ್ಕೊಂಡಿದ್ದೇ ನೀರು ಅದನ್ನ ಎಳ್ಕೊಂಡು ಹೋಯ್ತು, ಇವನು ಬಂಡೆ ಮೇಲೇ ಉಳಿದ. ನೀರಿಳಿದ ಮೇಲೆ ಬರ್ತೀನಿ ಕಣೋ, ಅವಳ ಕೈಯಿಂದ ಏನೂ ತಿನ್ನಬೇಡ ಅಂತ ಬೆಟ್ಟಯ್ಯ ಕೂಗ್ತಾ ಕೂಗ್ತಾ ದೂರ ಆದನಂತೆ.

ಮೊದಲ್ನೇ ದಿನ ರಕ್ಕಸಿ ಬಂದಳು. ಹಲ್ಲಿಲ್ಲ, ಕೋರೆ ಇಲ್ಲ, ಒಣಗಿದ ಸೌದೆ ಹಂಗಿದ್ದಳಂತೆ, ಕೆಮ್ಮುತ್ತಾ ಬಂದು ಮುತ್ತುಗದ ಎಲೇಲಿ ಮುದ್ದೆ, ಕುಡಿಕೇಲಿ ಬದನೇಕಾಯಿ ಸಾರು ದೂರದಲ್ಲಿಟ್ಟು ಮಾತಾಡದೆ ಹೋದಳು. ಗಾಳೆಪ್ಪ ಮುಟ್ಟಲಿಲ್ಲ. ಎರಡ್ನೇ ದಿನ ಮತ್ತೆ ತಂದಿಟ್ಟಳು. ಹೊಟ್ಟೆ ಕೇಳಬೇಕಲ್ಲ, ಒಂದು ತುತ್ತು ಮುರಿದು ಅದ್ದಿ ಬಾಯಿಗಿಟ್ಟ. ಸಪ್ಪೆ! ಒಂದು ಹರಳು ಉಪ್ಪಿಲ್ಲ. ಅವನಿಗೆ ಮುದುಕಿ ಮಾತು, ಅಮ್ಮನ ಮಾತು ಎರಡೂ ನೆನಪಾಗಿ, ಸೊಂಟದ ಗಂಟು ಬಿಚ್ಚಿ ಉಪ್ಪನ್ನ ತನ್ನ ಸುತ್ತ ಗುಂಡಗೆ ಎರಚಿ ನಡುವೆ ಮುದುರಿ ಕೂತನಂತೆ.

ರಕ್ಕಸಿ ಕುಡಿಕೆ ತಗೊಂಡು ಹೋಗೋಕೆ ಬಂದೋಳು ನೋಡಿದಳು.

ಅಯ್ಯಯ್ಯೋ, ಯಾರಪ್ಪನ ಮನೆ ಉಪ್ಪು ಅಂತ ಹಿಂಗೆ ಚೆಲ್ತೀಯೋ ದರಿದ್ರದೋನೇ, ನಿಮ್ಮಮ್ಮ ನಿಂಗೆ ಇದೇನಾ ಕಲಿಸಿರೋದು ಅಂತ ಬೈಕೊಂಡು, ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಬಂಡೆ ಮೇಲಿನ ಒಂದೊಂದೇ ಹರಳು ಆರಿಸಿ ಅಂಗೈಗೆ ಹಾಕ್ಕೋತಾ ಹೋದಳಂತೆ. ಆರಿಸ್ತಾ ಆರಿಸ್ತಾ ಆ ಗೆರೆ ದಾಟಿ ಒಳಗೇ ಬಂದುಬಿಟ್ಟಳು, ಅವಳಿಗೆ ಅದರ ಪರಿವೇ ಇಲ್ಲ. ಕಾಲೆತ್ತೋ, ಕಾಲ ಕೆಳಗಿದೆ ಅಂದಳು. ಗಾಳೆಪ್ಪ ಕಾಲೆತ್ತಿದ. ಅವಳ ಅಂಗೈ ನೋಡಿದ. ಸುಡಲಿಲ್ಲ, ಹೊಗೆ ಬರಲಿಲ್ಲ, ಮಣ್ಣು ಮೆತ್ತಿದ ಮುದುಕಿ ಕೈ ಅಷ್ಟೇ. ಅವಳು ಉಪ್ಪನ್ನ ಅದೇ ಬಟ್ಟೇಲಿ ಕಟ್ಟಿ ಗುಡಿಸಲ ಗೂಟಕ್ಕೆ ನೇತುಹಾಕಿದಳು. ನಿನ್ನ ಉಪ್ಪು ಇಲ್ಲಿದೆ, ಬೇಕಾದಾಗ ಉದುರಿಸ್ಕೊಂಡು ತಿನ್ನು, ನಂಗೆ ಬೇಡ ಅಂದಳಂತೆ.

ಮೂರ್ನೇ ದಿನ ಗಾಳೆಪ್ಪನೇ ಗುಡಿಸಲ ಬಾಗಿಲಿಗೆ ಹೋಗಿ ಕೂತ. ಕೂತ ಅನ್ನೋದೇ ದೊಡ್ಡದು. ಅವ್ವಾ, ನೀನು ನಿಜವಾಗ್ಲೂ ತಿಂದ್ಯಾ ಅಂತ ಕೇಳಿದನಂತೆ.

ತಿಂದೆ ಮಗನೇ ಅಂದಳಂತೆ.

ಅವಳ ಹೆಸರು ದ್ಯಾವಮ್ಮ. ಗಂಡ ಕಾಳಯ್ಯ, ಆ ಬೆಟ್ಟಯ್ಯನ ಒಡಹುಟ್ಟಿದ ಅಣ್ಣ. ಗಂಡ ಹೆಂಡ್ತಿ ತೆವಳೋ ಕೂಸನ್ನ ಕಟ್ಕೊಂಡು ಬದನೆ ತೋಟದ ಕೆಲಸಕ್ಕೆ ಗಡ್ಡೆಗೆ ಬಂದಿದ್ದರಂತೆ, ಬಂದ ರಾತ್ರಿಯೇ ಹೊಳೆ ಏರಿಬಿಡ್ತು. ಅಂಥ ಹೊಳೆ ಯಾರೂ ಕಂಡಿರಲಿಲ್ಲ, ಇಳೀಲೇ ಇಲ್ಲ. ತಂದ ರಾಗಿ ತೀರಿತು, ಬದನೇಕಾಯಿ ಕೊಳೀತು, ಗಡ್ಡೆಗೆಣಸು ಅಗೆದರು, ಸೊಪ್ಪು ಬೇಯಿಸಿದರು, ಕೊನೆಗೆ ಹರಿಗೋಲಿನ ತಳದ ಚರ್ಮ ಕಿತ್ತು ನೆನೆಹಾಕಿ ಬೇಯಿಸಿ ಅಗಿದರಂತೆ. ಚರ್ಮ ತಿಂದ ಮೇಲೆ ಹರಿಗೋಲೆಲ್ಲಿ ಬಂತು, ಹೊಳೆ ಇಳಿದ್ರೂ ತಾವಾಗಿ ದಾಟೋ ಹಂಗಿಲ್ಲ. ಕಾಳಯ್ಯ ತನ್ನ ಪಾಲು ಹೆಂಡ್ತಿಗೆ ತಳ್ತಾ ತಳ್ತಾ ತಾನೇ ಬತ್ತಿಹೋದ. ಒಂದು ದಿನ ಅವಳ ಕೈ ಹಿಡಿದು, ನಾನು ಹೋದ್ಮೇಲೆ ನನ್ನನ್ನ ಹೊಳೆಗೆ ಹಾಕ್ಬೇಡ, ಮೀನಿಗೆ ಹಾಕೋ ಬದಲು ನೀನು ತಿನ್ನು, ಕೂಸಿನ ಮೇಲಾಣೆ ಅಂದನಂತೆ. ಮಾರನೇ ದಿನ ಹೋದ.

ಎದೇಲಿ ಹಾಲಿರಲಿಲ್ಲ ಮಗನೇ ಅಂದಳಂತೆ ದ್ಯಾವಮ್ಮ. ಕೂಸು ಅಳೋದು ದಿನದಿನಕ್ಕೆ ಸಣ್ಣ ಆಗ್ತಾ ಬಂತು, ಕಡೇಲಿ ಬೆಕ್ಕಿನ ಮರಿ ಹಂಗೆ ಬರೀ ಬಾಯಿ ತೆಗೀತಿತ್ತು, ದನಿ ಇಲ್ಲ. ಆಗ ತಿಂದೆ. ಆಮೇಲೆ ಹಾಲು ಬಂತು.

ಹೆಂಗೆ ತಿಂದಳು ಅಂತ ನೀನು ಕೇಳಬೇಡ, ಗಾಳೆಪ್ಪನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಂದೇ ಹೇಳಿದಳು. ಗಂಜಿಗೆ ಅಂತ ತಂದ ಉಪ್ಪು ಇನ್ನೂ ಒಂದು ಹಿಡಿ ಉಳಿದಿತ್ತಂತೆ, ಅದನ್ನ ಹಾಕಲಿಲ್ಲ. ಉಪ್ಪು ಹಾಕಿದ್ರೆ ಅದು ಅಡುಗೆ ಆಗೋದು, ಅವನು ನನ್ನ ಅಡುಗೆ ಅಲ್ಲ. ಪ್ರತಿ ತುತ್ತಿಗೂ ಅವನ ಹೆಸರು ಹೇಳಿದೆ, ಕಾಳಯ್ಯ, ಕಾಳಯ್ಯ ಅಂತ. ಮರೆತು ತಿಂದಿದ್ರೆ ರಕ್ಕಸಿ ಆಗ್ತಿದ್ದೆನೇನೋ. ಮೂಳೆ ಎಲ್ಲಾ ಆ ಹೊಂಗೆ ಬುಡದಲ್ಲಿ ಮಣ್ಣು ಮಾಡಿದೆ. ಅವತ್ತಿಂದ ಯಾವುದಕ್ಕೂ ಉಪ್ಪು ಹಾಕೋಕೆ ಕೈ ಬರಲಿಲ್ಲ. ಅವನಿಗೆ ಹಾಕದ ಉಪ್ಪನ್ನ ಬದನೇಕಾಯಿಗೆ ಹಾಕ್ಲಾ?

ಗಾಳೆಪ್ಪ ಗುಂಡನ್ನ ನೆನೆಸ್ಕೊಂಡು, ತಾನು ಎಲೆ ಬಿಟ್ಟು ಎದ್ದದ್ದನ್ನ ಅವಳಿಗೆ ಹೇಳಿದನಂತೆ.

ಆ ವರ್ಷ ಹೊಳೆ ಇಳಿದ ಮೇಲೆ ಬೆಟ್ಟಯ್ಯ ಇನ್ನಿಬ್ಬರನ್ನ ಕರ್ಕೊಂಡು ಬಂದನಂತೆ. ಅಣ್ಣ ಎಲ್ಲಿ ಅಂತ ಕೇಳಿದ್ರೆ ಇವಳು ಇದ್ದದ್ದು ಇದ್ದಹಾಗೆ ಹೇಳಿದಳು, ತಿಂದೆ ಅಂತ. ಕೇಳಿದೋರು ಕೂಸು ಕಿತ್ಕೊಂಡು ಇವಳನ್ನ ಇಲ್ಲೇ ಬಿಟ್ಟು ಹೋದರಂತೆ. ಅವಳು ಬೆನ್ನು ಹತ್ತಲಿಲ್ಲ. ಹಾಲಿನ ಮಾತನ್ನ ಮಾತ್ರ ಯಾರಿಗೂ ಹೇಳಲಿಲ್ಲ. ಗಾಳೆಪ್ಪನ ಅಂಗೈಗೆ ಉಪ್ಪಿನ ಗಂಟು ಇಟ್ಟು ಆಣೆ ಹಾಕಿಸ್ಕೊಂಡಳು. ಹಾಲಿನ ಮಾತು ಈ ಗಡ್ಡೆ ದಾಟಬಾರದು. ನನ್ನ ಬಾಯಿಗೆ ಬಿದ್ದದ್ದು ನಂಗಿರಲಿ. ಅದು ಕೂಸಿನ ಹೊಟ್ಟೆಗೆ ಹೋಯ್ತು ಅಂತ ಗೊತ್ತಾದ್ರೆ ನಾಳೆ ಅವಳನ್ನೂ ಮರಿ ರಕ್ಕಸಿ ಅಂತಾರೆ. ಅವಳು ಅಲ್ಲಿ ದಂಡೇಲಿ ನಾಲ್ಕು ಜನರ ನಡುವೆ ಬದುಕ್ಲಿ.

ಹಂಗಾದ್ರೆ ನಿಂಗೇನೂ ಬೇಡ್ವಾ ಅವ್ವಾ ಅಂದನಂತೆ ಗಾಳೆಪ್ಪ.

ಬೇಕಾದ್ದು ಒಂದೇ ಇತ್ತು. ಆ ಹೊಳೆಸೀಮೇಲಿ ಒಂದು ಪದ್ಧತಿ ಮಗಾ, ಮಾಲಯ ಅಮಾವಾಸ್ಯೆ ದಿನ ಸತ್ತೋರಿಗೆ ಎಡೆ ಇಟ್ಟು ಮೂರು ಎಲೆ ಹಾಕ್ತಾರೆ. ಒಂದು ಒಡಹುಟ್ಟಿದೋರ ಎಲೆ, ಒಂದು ಊರ ಎಲೆ, ಒಂದು ದಾರಿಹೋಕನ ಎಲೆ. ಮೂರೂ ಎಲೆ ಬರಿದಾದ್ರೆ ಸತ್ತೋರು ಹೊಟ್ಟೆ ತುಂಬಿ ಹೊರಟ್ರು ಅಂತ, ಒಂದು ಉಳಿದ್ರೂ ಅವರು ಅಲ್ಲೇ ಹಸ್ಕೊಂಡು ಅಲೀತಿರ್ತಾರೆ ಅಂತ. ವರ್ಷಾ ವರ್ಷಾ ದ್ಯಾವಮ್ಮ ಮೂರು ಎಲೆ ಹಾಕ್ತಾಳೆ, ಯಾರೂ ಬರಲ್ಲ, ಸಂಜೆಗೆ ತೆಗೆದು ಹೊಳೆಗೆ ಬಿಡ್ತಾಳೆ. ಅವನು ಹಸ್ಕೊಂಡು ಸತ್ತೋನು ಮಗನೇ, ಸತ್ಮೇಲೂ ಹಸ್ಕೊಂಡೇ ಇರಬೇಕಾ ಅಂದಳಂತೆ. ಈ ಕೆಮ್ಮು ನೋಡಿದ್ರೆ ನಾನು ಇನ್ನೊಂದು ಅಮಾವಾಸ್ಯೆ ಕಾಣಲ್ಲ, ನಾನು ಹೋದ್ರೆ ಅವನಿಗೆ ಎಲೆ ಹಾಕೋರೇ ಇಲ್ಲ.

ದಾರಿಹೋಕನ ಎಲೆ ನಂದು, ಉಳಿದೆರಡು ಎಲೆಗೂ ಜನ ತರ್ತೀನಿ ಅಂದುಬಿಟ್ಟ ಗಾಳೆಪ್ಪ. ಅಂದಮೇಲೆ ಅವನಿಗೇ ಭಯ ಆಯ್ತಂತೆ, ಹುಟ್ಟಿದಾಗಿಂದ ಒಂದು ಮಾತೂ ಕೊಟ್ಟು ನಿಂತೋನಲ್ಲ.

ನೀರಿಳೀತು, ಬೆಟ್ಟಯ್ಯ ಬಂದು ಕರ್ಕೊಂಡು ಹೋದ. ಗಾಳೆಪ್ಪ ಸೀದಾ ಅರಳಿಕಟ್ಟೆಗೆ, ಊರ ಯಜಮಾನನ ಹತ್ರ ಹೋದ. ಯಜಮಾನ ಎಲೆಅಡಿಕೆ ಜಗೀತಾ ಕೂತಿದ್ದ. ಅವನ ಸೊಸೆಗೆ ಹಾಲಿಲ್ಲ, ಹಸುಗೂಸನ್ನ ದಿನಾ ಬೆಟ್ಟಯ್ಯನ ಮನೆಗೆ ಕಳಿಸಿ ಅಲ್ಲಿ ಬಾಣಂತಿ ಆಗಿರೋ ಬೆಟ್ಟಯ್ಯನ ಮಗಳ ಹತ್ರ ಹಾಲು ಕುಡಿಸ್ಕೊಂಡು ಬರ್ತಿದ್ರು. ಆಗ ತಾನೆ ಕೂಸನ್ನ ಎತ್ಕೊಂಡು ಬಂದ ಹೆಂಗಸನ್ನ ತಡೆದು, ಹೊಟ್ಟೆ ತುಂಬ್ತಾ ನಮ್ಮ ದೊರೆಗೆ ಅಂತ ಕೂಸಿನ ಗಲ್ಲ ಹಿಂಡಿ, ಆಮೇಲೆ ಇವನ ಕಡೆ ತಿರುಗಿದ. ಏನಪ್ಪಾ, ಗಡ್ಡೆಯಿಂದ ಇಡಿಯಾಗಿ ಬಂದಿದ್ದೀಯ, ಬೆರಳೆಲ್ಲ ಇದೆಯಾ ನೋಡ್ಕೋ ಅಂದ. ಕಟ್ಟೆ ಎಲ್ಲ ನಕ್ಕಿತು.

ಗಾಳೆಪ್ಪ ಎಲೆಯ ವಿಷಯ ಹೇಳಿದ. ನಗು ನಿಂತಿತು. ಯಜಮಾನ ಬಾಯಲ್ಲಿದ್ದದ್ದು ಉಗಿದು, ನಾವೇನು ಕಲ್ಲಲ್ಲ ಕಣಪ್ಪಾ, ಮೂರು ಮಾತು ಕೇಳ್ತೀನಿ, ಮೂರಕ್ಕೂ ಸಮಾಧಾನ ಹೇಳು, ನಾನೇ ಬಂದು ಊರ ಎಲೆ ಮುಂದೆ ಕೂರ್ತೀನಿ ಅಂದನಂತೆ.

ಅವಳು ಕೊಂದಳಾ?

ಇಲ್ಲ, ಅವನೇ ಹಸಿವಿಗೆ ಹೋದ. ಅವನ ಪಾಲನ್ನೂ ಅವಳಿಗೆ ಕೊಟ್ಟು ಹೋದ.

ಅವನು ಒಪ್ಪಿದ್ನಾ?

ಒಪ್ಪೋದೇನು, ಅವನೇ ತಿನ್ನು ಅಂತ ಆಣೆ ಹಾಕಿದ.

ಕಟ್ಟೇಲಿ ಕೂತೋರು ಒಬ್ಬರ ಮುಖ ಒಬ್ಬರು ನೋಡಿದರು. ಯಜಮಾನ ಮೂರನೇದು ಕೇಳಿದ. ಸರಿ, ಗಂಡ ಸತ್ತ. ಇವಳೂ ಅವನ ಪಕ್ಕದಲ್ಲಿ ಮಲಗಿ ಪ್ರಾಣ ಬಿಡಬಹುದಿತ್ತು. ಎಷ್ಟೋ ಜನ ಬಿಟ್ಟಿದ್ದಾರೆ. ಅಂಥದ್ದನ್ನ ತಿಂದಾದ್ರೂ ಉಳ್ಕೋಬೇಕು ಅನ್ನೋ ಅಷ್ಟು ಏನಿತ್ತಪ್ಪಾ ಆ ಜೀವದಲ್ಲಿ?

ಗಾಳೆಪ್ಪನ ನಾಲಿಗೆ ತುದೀಲಿ ಮಾತಿತ್ತು ಮಗಾ. ಹಾಲು ಅಂದ್ರೆ ಮುಗೀತಿತ್ತು. ಅಂಗೈಯಲ್ಲಿ ಉಪ್ಪಿನ ಗಂಟು ಇಟ್ಟ ಜಾಗ ಉರಿದ ಹಂಗಾಯ್ತು. ಬಾಯಿ ತೆರೆದ, ಮುಚ್ಚಿದ, ನೆಲ ನೋಡ್ಕೊಂಡು ನಿಂತ. ನೋಡಿದ್ರಾ, ಇದಕ್ಕೆ ಸಮಾಧಾನ ಇಲ್ಲ ಅಂದ ಯಜಮಾನ. ಅದನ್ನ ಗೆದ್ದೆ ಅನ್ನೋ ಹಂಗೆ ಹೇಳಲಿಲ್ಲ, ಬೇಸರದಲ್ಲೇ ಹೇಳಿದನಂತೆ.

ಆಮೇಲೆ ಗಾಳೆಪ್ಪ ಬೆಟ್ಟಯ್ಯನ ಮನೆಗೆ ಹೋದ. ಬೆಟ್ಟಯ್ಯ ಜಗಲಿ ಮೇಲೆ ಬಿದಿರ ದಬ್ಬೆ ಬಗ್ಗಿಸಿ ಹೊಸ ಹರಿಗೋಲು ಹೆಣೀತಿದ್ದ. ಕಟ್ಟೆ ಸುದ್ದಿ ಆಗಲೇ ಅವನ ಕಿವಿಗೆ ಬಿದ್ದಿತ್ತು, ಕೇಳೋದಕ್ಕೆ ಮುಂಚೆನೇ ಸಿಡಿದ. ಬರಲ್ಲ, ಆ ರಕ್ಕಸಿ ಮನೆ ಎಲೆ ನಂಗೆ ಬೇಡ, ಹೋಗು ಅಂದ. ಗಾಳೆಪ್ಪ ಹೋಗಲಿಲ್ಲ. ಬೆಟ್ಟಯ್ಯನೇ ದನಿ ಇಳಿಸಿ, ಮೂರನೇ ಮಾತಿಗೆ ಯಾಕೆ ಸುಮ್ನಾದೆ ಅಂದ.

ಆಣೆ ಇದೆ ಅಂದ ಗಾಳೆಪ್ಪ.

ಬೆಟ್ಟಯ್ಯನ ಕೈ ದಬ್ಬೆ ಮೇಲೇ ನಿಂತುಬಿಡ್ತು. ಹಂಗಾದ್ರೆ ನಿಂಗೂ ಗೊತ್ತು ಅಂದನಂತೆ.

ಊರಲ್ಲಿ ಗೊತ್ತಿದ್ದದ್ದು ಬೆಟ್ಟಯ್ಯನಿಗೊಬ್ಬನಿಗೇ, ಈಗ ಅದನ್ನ ಗಾಳೆಪ್ಪನ ಮುಂದೆ ಮೆಲ್ಲಗೆ ಬಿಚ್ಚಿದನಂತೆ. ಅವತ್ತು ಗಡ್ಡೆಗೆ ಹೋದಾಗ ಅತ್ತಿಗೆ ಕಡ್ಡಿ ಹಂಗಿದ್ದಳು, ಕೂಸಿನ ಕೆನ್ನೆ ತುಂಬಿತ್ತು. ಜೊತೇಲಿದ್ದೋರು ಹೆದರಿ ಅವಳ ಬಾಯಿ ನೋಡಿದರು, ಕೂಸಿನ ಕೆನ್ನೆ ಯಾರೂ ನೋಡಲಿಲ್ಲ. ಇವನು ನೋಡಿದ. ನೋಡಿ ಬಾಯಿ ಕಟ್ಕೊಂಡು, ಕೂಸನ್ನ ತನ್ನ ಮಗಳು ಅಂತಲೇ ಸಾಕಿದ, ಚೆಲುವಿ ಅಂತ ಹೆಸರಿಟ್ಟ. ಊರೋರು ಚೆಲುವಿಗೆ, ರಕ್ಕಸಿ ನಿನ್ನನ್ನೂ ತಿನ್ನೋಳಿದ್ದಳು, ನಿಮ್ಮಪ್ಪ ಕಿತ್ಕೊಂಡು ಬಂದ ಅಂತ ಹೇಳಿ ಬೆಳೆಸಿದರು. ಬೆಟ್ಟಯ್ಯ ಅದನ್ನೂ ಅಲ್ಲಗಳೀಲಿಲ್ಲ. ಇನ್ನೊಂದು ಅವನನ್ನ ಕೊರೀತಿತ್ತು. ಹೊಳೆ ತುಂಬಿದ್ದಾಗ ಒಂದು ಸಲ ಅವನು ಹರಿಗೋಲು ಬಿಟ್ಟಿದ್ದನಂತೆ, ಅರ್ಧ ಹೊಳೆಗೆ ಹೋಗಿ, ಜೀವ ಹೆದರಿ ವಾಪಸ್ಸು ತಿರುಗಿಸಿದ್ದನಂತೆ. ಅಣ್ಣ ನೋಡ್ತಿದ್ದನೇನೋ, ನೋಡಿ ಏನಂದ್ಕೊಂಡನೋ ಅಂತ ಹರಿಗೋಲಿಗೆ ಕೈ ಹಾಕಿದಾಗೆಲ್ಲ ಅವನಿಗೆ ಅದೇ ಯೋಚನೆ. ಈಗ ಆ ಎಲೆ ಮುಂದೆ ಹೋಗಿ ಕೂತ್ರೆ ಜನ ಯಾಕೆ ಅಂತಾರೆ, ಯಾಕೆ ಅಂದ್ರೆ ಮಾತು ಹಾಲಿಗೆ ಬರುತ್ತೆ, ಹಾಲು ಚೆಲುವಿ ಹತ್ರ ಬರುತ್ತೆ. ನಾನು ಬರಲ್ಲ ಕಣಪ್ಪಾ, ಅತ್ತಿಗೆಗೆ ಹೇಳು ಅಂತ ಮುಖ ಮುಚ್ಕೊಂಡನಂತೆ.

 ಅಷ್ಟರಲ್ಲಿ ಬಾಣಂತಿ ಕೋಣೆ ತಟ್ಟಿ ಸರೀತು. ಆ ಮನೆ ಗೋಡೆ ಎಲ್ಲ ಬಿದಿರ ತಟ್ಟಿ ತಾನೆ, ಮಾತು ತಡಿಯುತ್ತಾ? ಚೆಲುವಿ ತಲೆಗೆ ಬಟ್ಟೆ ಕಟ್ಟಿ, ಕೂಸನ್ನ ಎದೆಗೆ ಹಾಕ್ಕೊಂಡೇ ಆಚೆ ಬಂದಳು.

ಅಪ್ಪಾ, ನೀನು ನನ್ನ ತಂದಾಗ ನಾನು ಎಷ್ಟು ದೊಡ್ಡೋಳು?

ತೆವಳ್ತಿದ್ದೆ ಕಣವ್ವಾ.

ಹಲ್ಲು ಬಂದಿತ್ತಾ?

ಇಲ್ಲ.

ಹಲ್ಲಿಲ್ಲದ ಕೂಸು ಅಷ್ಟು ದಿನ ಆ ಗಡ್ಡೇಲಿ ಏನು ತಿಂತಪ್ಪಾ?

ಬೆಟ್ಟಯ್ಯ ಮತ್ತೆ ದಬ್ಬೆ ಕೈಗೆತ್ಕೊಂಡ. ಗಾಳೆಪ್ಪ ಹೊಳೆ ಕಡೆ ತಿರುಗಿ ಕೂತ, ಅವನು ಆಣೆ ಮುರೀಲಿಲ್ಲ. ಚೆಲುವಿ ತನ್ನ ಎದೇಲಿದ್ದ ಕೂಸನ್ನ ನೋಡಿದಳು, ಅದು ಚಪ್ಪರಿಸ್ತಿತ್ತು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಬಾಣಂತಿ ಹೊಸಿಲು ದಾಟಬಾರದು ಅಂತಾರಲ್ಲ, ದಾಟಿದಳು. ಗಂಡನ ಮನೆಯೋರು ಏನಂತಾರೋ ಅಂತ ಬೆಟ್ಟಯ್ಯ ಹಿಂದಿಂದ ಕೂಗಿದ. ಅವರ ಮನೆ ಕೂಸೂ ಇದೇ ಹಾಲು ತಾನೆ ಅಪ್ಪಾ ಕುಡೀತಿರೋದು ಅಂದಳಂತೆ.

ಸೀದಾ ಅರಳಿಕಟ್ಟೆಗೆ ಹೋಗಿ ನಿಂತಳು. ಯಜಮಾನಪ್ಪಾ, ಮೂರನೇ ಮಾತಿಗೆ ಸಮಾಧಾನ ಬೇಕಂತಲ್ಲ, ನಾನೇ ಸಮಾಧಾನ, ನೋಡಿ. ಅವಳು ತಿಂದಳು, ಹಾಲು ಬಂತು, ನಾನು ಕುಡಿದೆ. ಅದು ಪಾಪ ಅನ್ನೋದಾದ್ರೆ ಅವಳ ಪಾಲು ಕಮ್ಮಿ, ನನ್ನ ಪಾಲೇ ಜಾಸ್ತಿ, ಅವಳು ಕಡ್ಡಿ ಆಗಿದ್ದಳು, ನಾನು ಗುಂಡಗಿದ್ದೆ. ನನ್ನನ್ನೂ ಗಡ್ಡೆಗೆ ಕಳ್ಸಿ. ಆ ಹಾಲಲ್ಲಿ ಬೆಳೆದ ಮೈ ಇದು, ಈ ಮೈ ಹಾಲು ಕುಡಿಯೋ ಈ ಕೂಸನ್ನೂ ಕಳ್ಸಿ. ಅಂದು, ಕಟ್ಟೆ ಎದುರಿನ ಯಜಮಾನನ ಜಗಲೀಲಿದ್ದ ತೊಟ್ಟಿಲ ಕಡೆ ನೋಡಿದಳು. ಇನ್ನೂ ಯಾರ್ಯಾರನ್ನ ಕಳಿಸಬೇಕು ಅಂತ ನೀವೇ ಯೋಚನೆ ಮಾಡಿ ಅಂದಳಂತೆ.

ಯಜಮಾನನ ಬಾಯಲ್ಲಿ ಎಲೆಅಡಿಕೆ ಹಂಗೇ ನಿಂತುಬಿಡ್ತು. ಒಬ್ಬ ಹಿಂದಿಂದ, ಹಂಗಾದ್ರೆ ದೊರೆಗೂ ಕೋರೆ ಬರುತ್ತಾ ಅಂತ ಕಿಸಕ್ ಅಂದ. ಯಜಮಾನ ಬೈಯಲಿಲ್ಲ. ಹೊಳೆ ಕಡೆ ತಿರುಗಿದ. ಆಮೇಲೆ ಯಾರಿಗೂ ಅಲ್ಲ ಅನ್ನೋ ಹಂಗೆ ಹೇಳಿದನಂತೆ. ಅವಾಗ ನಾನೂ ಈ ದಂಡೇಲಿ ನಿಂತಿದ್ದೆ. ದಿನಾ ಗಡ್ಡೆಯಿಂದ ಹೊಗೆ ಏಳ್ತಿತ್ತು. ಹೊಗೆ ಇದ್ಯಲ್ಲ, ಅಂದ್ರೆ ಅಡುಗೆ ಮಾಡ್ತಿದ್ದಾರೆ, ಚೆನ್ನಾಗಿದ್ದಾರೆ, ಇನ್ನೂ ಸ್ವಲ್ಪ ನೀರಿಳೀಲಿ ಅಂದೆವು. ಎಲ್ಲಾರೂ ಅಂದೆವು. ಏನು ಅಡುಗೆ ಅಂತ ಒಬ್ಬನೂ ಕೇಳಲಿಲ್ಲ.

ಆ ಮಾತಿಗೆ ಕಟ್ಟೇಲಿ ಯಾರೂ ನಗಲಿಲ್ಲ ಮಗಾ.

ಅಮಾವಾಸ್ಯೆ ದಿನ ಹಗಲು ಹರಿಗೋಲು ಸಾಲಾಗಿ ಗಡ್ಡೆ ಕಡೆ ಬಂದವು. ದ್ಯಾವಮ್ಮ ನೋಡಿ, ಕಲ್ಲು ಹೊಡೆಯೋಕೆ ಬಂದ್ರು ಅಂದ್ಕೊಂಡಳಂತೆ, ಆದ್ರೂ ಓಡಲಿಲ್ಲ, ಹಾಕಿದ ಎಲೆ ತುಳೀಬೇಡ್ರಪ್ಪಾ ಅಂತ ಮೂರು ಎಲೆ ಮುಂದೆ ಕೈ ಅಡ್ಡ ಹಿಡಿದು ನಿಂತಳಂತೆ. ಮುಂದಿನ ಹರಿಗೋಲಿಂದ ಚೆಲುವಿ ಇಳಿದಳು. ಯಾರು ಅಂತ ಯಾರೂ ಹೇಳಲಿಲ್ಲ. ಚೆಲುವಿ ತನ್ನ ಕೂಸನ್ನ ದ್ಯಾವಮ್ಮನ ತೋಳಿಗೆ ಹಾಕಿ, ಸ್ವಲ್ಪ ಹಿಡ್ಕೋ ಅವ್ವಾ, ಎಲೆ ಬಡಿಸ್ಬೇಕು ಅಂದಳಂತೆ. ಅಷ್ಟೇ. ದ್ಯಾವಮ್ಮನಿಗೆ ಕೂಸು ಹಿಡಿದ ಕೈಯಲ್ಲಿ ಕಣ್ಣು ಒರೆಸ್ಕೊಳ್ಳೋಕೂ ಆಗಲಿಲ್ಲ.

ಬೆಟ್ಟಯ್ಯ ಅತ್ತಿಗೆ ಮುಂದೆ ಬಂದು ನಿಂತ. ಅತ್ತಿಗೇ, ಅವತ್ತು ನಾನು ಅರ್ಧ ಹೊಳೆಗೆ ಬಂದು... ಅಂದ, ಮುಂದಕ್ಕೆ ಬರಲಿಲ್ಲ. ಗೊತ್ತು ಕಣೋ ಬೆಟ್ಟಯ್ಯ ಅಂದಳು ಅವಳು. ನಿಮ್ಮಣ್ಣ ಈ ಬಂಡೆ ಮೇಲೆ ಕೂತು ನೋಡ್ತಿದ್ರು. ನೀನು ತಿರುಗಿಸಿದಾಗ, ಸದ್ಯ ತಿರುಗಿಸಿದ, ನಮ್ಮವ್ವನಿಗೆ ಒಬ್ಬ ಮಗನಾದ್ರೂ ಉಳೀಲಿ ಅಂದ್ರು. ಹೇಳೋಕೆ ನೀನು ಒಂದು ದಿನವಾದ್ರೂ ಇಲ್ಲಿಗೆ ಬಂದ್ಯಾ? ಬೆಟ್ಟಯ್ಯ ಮಗು ಹಂಗೆ ಅತ್ತನಂತೆ.

ಆಮೇಲೆ ಬಡಿಸೋ ಹೊತ್ತು. ಕಾಳಯ್ಯನಿಗೆ ಇಷ್ಟ ಅಂತ ಚೆಲುವಿ ದಂಡೆಯಿಂದ ಕುರಿ ಬಾಡು ತಂದು ಸಾರು ಇಟ್ಟಿದ್ದಳು. ಬೆಟ್ಟಯ್ಯ ಬೆರಳದ್ದಿ ನೆಕ್ಕಿ ನೋಡಿ, ಉಪ್ಪಿಲ್ವಲ್ಲ, ಸಪ್ಪೆ ಬಡಿಸಿದ್ರೆ ನಮ್ಮಣ್ಣ ಎಲೆ ಮುಂದಿಂದ ಏಳ್ತಿದ್ದ ಅಂದ. ಎಲ್ಲಾರೂ ದ್ಯಾವಮ್ಮನ ಕಡೆ ನೋಡಿದರು. ನನ್ನ ಕೈ ಬರಲ್ಲ ಅಂದಳು ಅವಳು. ಗಾಳೆಪ್ಪ ಗೂಟದಲ್ಲಿದ್ದ ಗಂಟು ಬಿಚ್ಚಿ ತಂದ, ಅವಳೇ ಬಂಡೆ ಮೇಲಿಂದ ಆರಿಸಿದ ಹರಳು. ಚೆಲುವಿ ಒಂದು ಹಿಡಿ ತಗೊಂಡು ಸಾರಿಗೆ ಹಾಕಿ ತಿರುವಿದಳು.

ಮೂರು ಎಲೆ ಮುಂದೆ ಮೂವರು ಕೂತರು. ಬೆಟ್ಟಯ್ಯ ಉಂಡ. ಯಜಮಾನ ಉಂಡ, ಮೊದಲ್ನೇ ತುತ್ತು ಅಗಿಯದೆ ನುಂಗಿದ, ಆಮೇಲೆ ಇನ್ನೊಂದು ಸೌಟು ಹಾಕವ್ವಾ ಅಂದ. ಗಾಳೆಪ್ಪನ ಎಲೇಲೂ ಬಾಡು ಬಿತ್ತು. ಅವನು ಕೈ ಕಟ್ಕೊಂಡು ಕೂತ. ಎಲೆ ಬರಿದಾಗಬೇಕು, ಅವನಿಗೆ ಗೊತ್ತು. ದ್ಯಾವಮ್ಮ ಅವನ ಹತ್ರ ಬಗ್ಗಿ, ಬೇಡ ಅನ್ನಿಸಿದ್ರೆ ಬಿಡು ಮಗನೇ, ಇಲ್ಲಿ ಯಾರೂ ನಿನ್ನ ಎಬ್ಬಿಸಲ್ಲ, ಬದನೇಕಾಯಿ ಹಾಕ್ತೀನಿ ಅಂದಳಂತೆ. ಅವನು ತಲೆ ಆಡಿಸಿದ. ಬಾಯಲ್ಲೇ ಗುಂಡಾ ಅಂದು, ಒಂದು ತುತ್ತು ಎತ್ತಿದ. ಮತ್ತೆ ಗುಂಡಾ ಅಂದ, ಇನ್ನೊಂದು. ಪಕ್ಕದಲ್ಲಿ ಕೂತ ಯಜಮಾನ, ಇವನೇನು ಮಂತ್ರ ಹೇಳ್ತಾನಾ ಅಂತ ಕೇಳಿದ. ಹೆಸರು ಹೇಳ್ತಿದ್ದಾನೆ ಬಿಡಿ ಅಂದಳು ದ್ಯಾವಮ್ಮ.

ಮೂರೂ ಎಲೆ ಬರಿದಾಯ್ತು. ಹೊಂಗೆ ಮರದಿಂದ ಒಂದು ಕಾಗೆ ಇಳಿದು ಎಡೆ ಕಚ್ಕೊಂಡು ಹೊಳೆ ಮೇಲೆ ಹಾರ್ಕೊಂಡು ಹೋಯ್ತು, ದ್ಯಾವಮ್ಮ ಅದು ಕಣ್ಮರೆ ಆಗೋ ತನಕ ನೋಡಿದಳು. ಕೊನೇಲಿ ಮಗಳು ಅವಳಿಗೂ ಎಲೆ ಹಾಕಿ ಅದೇ ಸಾರು ಬಡಿಸಿದಳು. ದ್ಯಾವಮ್ಮ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು, ಉಪ್ಪು ಒಂಚೂರು ಜಾಸ್ತಿ ಆಯ್ತು ಕಣೇ ಅಂದಳಂತೆ. ಅವಳು ಅಳ್ತಿದ್ದಳು, ನಗ್ತಿದ್ದಳು, ಯಾವುದು ಯಾವುದು ಅಂತ ಯಾರಿಗೂ ಗೊತ್ತಾಗಲಿಲ್ಲ.

ಅವಳ ಕೆಮ್ಮು ಹೋಯ್ತಾ ಅಂತೀಯಾ? ಹೋಗದೆ ಏನು, ಮಗಳು ಕಷಾಯ ಕುಡಿಸಿ ಕುಡಿಸಿ ಓಡಿಸಿದಳು. ದಂಡೆಗೆ ಬಾ ಅಂದ್ರೆ ಬದನೆ ಗಿಡಕ್ಕೆ ನೀರು ಯಾರು ಹಾಕ್ತಾರೆ ಅಂತ ಬರಲಿಲ್ಲ, ಅದಕ್ಕೇ ದಿನಾ ಒಂದು ಹರಿಗೋಲು ಗಡ್ಡೆಗೆ ಹೋಗಿ ಬರ್ತಿತ್ತಂತೆ. ಚೆಲುವಿ ಕೂಸು ಆ ಬಂಡೆ ಮೇಲೇ ತೆವಳೋದು ಕಲೀತು. ಊರೋರು ಆಮೇಲಿಂದ ಹೊಳೆ ಏರಿದಾಗ ಗಡ್ಡೇಲಿ ಹೊಗೆ ಕಂಡ್ರೆ ಸುಮ್ನಿರ್ತಿರಲಿಲ್ಲ, ದಂಡೆಯಿಂದ ಕೂಗಿ ಕೇಳ್ತಿದ್ರಂತೆ, ಏನವ್ವಾ ಅಡುಗೆ ಅಂತ. ಅವಳು ಬದನೇಕಾಯಿ ಸಾರು, ಉಪ್ಪು ಹಾಕಿದ್ದೀನಿ, ಬರ್ರೋ ಅಂತ ಅಲ್ಲಿಂದ ಕೂಗೋಳು.

ಗಾಳೆಪ್ಪನಿಗೆ ಬೆಟ್ಟಯ್ಯ ಆ ಹೊಸ ಹರಿಗೋಲು ಕೊಡ್ತೀನಿ, ಇಲ್ಲೇ ಇರು ಅಂದ. ಇದ್ದ. ಚಳಿಗಾಲ ಪೂರಾ ಹುಟ್ಟು ಹಾಕಿದ, ಹೊಳೆ ಸಣ್ಣಗಾಗೋ ತನಕ ಇದ್ದ, ಅವನ ಆಯುಸ್ಸಲ್ಲೇ ಅಷ್ಟು ದಿನ ಒಂದು ಕಡೆ ಇದ್ದೋನಲ್ಲ. ಆಮೇಲೆ ಮಾವಿನ ಮರದಲ್ಲಿ ಹೂ ಬಂತು, ಬೇವಿನ ಚಿಗುರು ಬಂತು, ಉಗಾದಿ ಹತ್ರ ಬಂತು. ಒಂದು ಬೆಳಿಗ್ಗೆ ದ್ಯಾವಮ್ಮ ನೋಡ್ತಾಳೆ, ಗಾಳೆಪ್ಪ ಗುಡಿಸಲ ಮುಂದೆ ಕಂಬಳಿ ಹರವಿ ಸುತ್ತುತಾ ಇದ್ದಾನೆ. ಅವಳು ಯಾವ ಕಡೆ ಅಂತ ಕೇಳಲಿಲ್ಲ. ಹೊಸತೊಡಕಿಗೆ ನಮ್ಮಪ್ಪನ ಮನೇಲಿ ಒಂದು ಎಲೆ ಕೇಳಿ ನೋಡ್ತೀನಿ ಅವ್ವಾ, ಸಿಕ್ಕಿದ್ರೆ ಉಂಡು ಹೊರಡ್ತೀನಿ ಅಂದ ಅವನೇ. ಉಂಡಮೇಲೂ ಹೊರಡೋದೇನಾ ಅಂತ ಅವಳು ನಕ್ಕು, ಒಳಗೆ ಹೋಗಿ, ಅವರಮ್ಮನ ಆ ಹಳೇ ಬಟ್ಟೇಲಿ ತನ್ನ ಕೈಯಾರೆ ಹಿಡಿ ಉಪ್ಪು ಕಟ್ಟಿ ತಂದು ಅವನ ಸೊಂಟಕ್ಕೆ ಸಿಕ್ಕಿಸಿದಳಂತೆ. ಅವನು ಕಂಬಳಿಗೆ ಹಗ್ಗ ಬಿಗಿದು ಹೆಗಲಿಗೇರಿಸ್ಕೊಂಡ.

ಅವನ ಗಂಟು ಕಟ್ಟಿದ್ದಾಯ್ತು, ನನ್ನ ಕತೆ ಗಂಟು ಬಿಚ್ಚಿದ್ದಾಯ್ತು. ಕತೆ ಮುಗೀತು, ಕಾಲು ಒಳಗೆ ಎಳ್ಕೊಂಡು ಮಲಕ್ಕೋ ಮಗಾ.